ಬಾಣ ಎಳೆದರೆ ಲೆಕ್ಕ ಸರಿಹೋಗದು

"ಕೋಡ್ ಬರೆಯುವ ಗೋಜೇ ಬೇಡ. ಬಾಕ್ಸ್ ಎಳೆದು ತಂದಿಡಿ, ಬಾಣ ಜೋಡಿಸಿ, ರನ್ ಒತ್ತಿ, ಅಷ್ಟೆ." ಡೇಟಾ ಕೆಲಸ ಕಲಿಯಬೇಕೆಂದು ಹೊರಟ ಹುಡುಗ ಹುಡುಗಿಯರ ಕಿವಿಗೆ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಈಗ ಮೊದಲು ಬೀಳುವ ಭರವಸೆ ಇದು. ತರಬೇತಿ ಕೊಡುವವರು ಇದನ್ನು ಹೇಳುತ್ತಾರೆ, ಟೂಲ್ ಮಾರುವವರು ಹೇಳುತ್ತಾರೆ, ಕಚೇರಿಗೆ ತಂತ್ರಾಂಶ ಕೊಳ್ಳುವವರು ಕೇಳಿ ತಲೆದೂಗುತ್ತಾರೆ. ಚಿತ್ರ ನೋಡಿದರೆ ಕೆಲಸ ಅರ್ಥವಾಗುತ್ತದೆ, ಚಿತ್ರವೇ ದಾಖಲೆ, ಚಿತ್ರ ಬಿಡಿಸಲು ಬಂದವನಿಗೆ ಡೇಟಾ ಜೋಡಿಸಲೂ ಬರುತ್ತದೆ. ಈ ಮೂರು ಮಾತು ಎಷ್ಟು ಸಲೀಸಾಗಿ ಒಪ್ಪಿತವಾಗಿವೆ ಎಂದರೆ ಪ್ರಶ್ನೆ ಕೇಳಿದವನೇ ಹಳೇ ಕಾಲದವನಾಗಿಬಿಡುತ್ತಾನೆ. ನಾನು ಪ್ರಶ್ನೆ ಕೇಳುತ್ತೇನೆ. ಮೂರೂ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಈ ನಂಬಿಕೆಯ ಮೇಲೆ ಕಟ್ಟಿದ ಲೆಕ್ಕದಿಂದ ರೈತನ ಪರಿಹಾರದ ಹಣ ಕಡಿಮೆಯಾಗಬಹುದು, ಪಿಂಚಣಿ ಪಟ್ಟಿಯಿಂದ ಹೆಸರು ಜಾರಬಹುದು. ಆಗ ಯಾಕೆ ಹೀಗಾಯಿತು ಎಂದು ಹೇಳಬಲ್ಲ ಒಬ್ಬ ಮನುಷ್ಯನೂ ಕಚೇರಿಯಲ್ಲಿ ಇರುವುದಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ ಪಹಣಿ, ಇನ್ನೊಂದು ಕಡೆ ಬೆಳೆ ಸಮೀಕ್ಷೆ, ಮತ್ತೊಂದು ಕಡೆ ಬ್ಯಾಂಕ್ ಖಾತೆ. ಇವನ್ನೆಲ್ಲ ತಂದು, ಶುಚಿ ಮಾಡಿ, ಒಂದಕ್ಕೊಂದು ತಾಳೆ ಹಾಕಿ, ಒಂದೇ ಪಟ್ಟಿಯಾಗಿಸುವುದು ಡೇಟಾ ಜೋಡಣೆ. ಅದನ್ನು ಹಂತ ಹಂತವಾಗಿ ಹೊಂದಿಸಿಟ್ಟ ಕ್ರಮಕ್ಕೆ ವರ್ಕ್‌ಫ್ಲೋ ಎನ್ನುತ್ತಾರೆ. ದೃಶ್ಯ ಎಡಿಟರ್ ಎಂದರೆ ಈ ಹಂತಗಳನ್ನು ಪರದೆಯ ಮೇಲೆ ಬಾಕ್ಸುಗಳಾಗಿ ಇಟ್ಟು, ನಡುವೆ ಬಾಣ ಎಳೆದು ಹೊಂದಿಸುವ ಸಾಧನ. ಬೆಲ್ಜಿಯಂನ ಮ್ಯಾಟ್ ಕ್ಯಾಸ್ಟರ್ಸ್ ಕಟ್ಟಿದ ಕೆಟಲ್ ಇಂಥದ್ದು. 2005ರಲ್ಲಿ ಮುಕ್ತ ತಂತ್ರಾಂಶವಾಗಿ, ಮರುವರ್ಷ ಪೆಂಟಾಹೊ ಕಂಪನಿಯ ಪಾಲಾಗಿ, 2015ರಲ್ಲಿ ಆ ಕಂಪನಿಯ ಜತೆಗೇ ಹಿಟಾಚಿಯ ಮನೆ ಸೇರಿತು. ಮೈಕ್ರೋಸಾಫ್ಟ್‌ನ ಎಸ್‌ಎಸ್‌ಐಎಸ್, ಇನ್‌ಫರ್ಮ್ಯಾಟಿಕಾ, ಟ್ಯಾಲೆಂಡ್, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಹುಟ್ಟಿ 2014ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಗೆ ಬಂದ ನೈಫೈ, ಎಲ್ಲವೂ ಅದೇ ಕುಲದವು. ಇವನ್ನು ಕಟ್ಟಿದವರು ಸಮರ್ಥರು, ಅವರ ಮೇಲೆ ನನ್ನ ತಕರಾರಿಲ್ಲ. ಚಿತ್ರವೇ ತಿಳಿವಳಿಕೆ ಎಂದು ನಂಬಿಸುವವರ ಮೇಲೆ ಇದೆ.

ಒಂದು ಲೆಕ್ಕ ಹಾಕೋಣ. ಭದ್ರಾವತಿ ತಾಲ್ಲೂಕಿನ ಒಬ್ಬ ರೈತನಿಗೆ 1 ಎಕರೆ 35 ಗುಂಟೆ ಅಡಿಕೆ ತೋಟ ಇದೆ ಎನ್ನಿ. ನಮ್ಮ ರೂಢಿಯಲ್ಲಿ ಅದನ್ನು 1.35 ಎಂದು ಬರೆಯುತ್ತೇವೆ. ಚುಕ್ಕೆಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ಎಕರೆಗೆ 40 ಗುಂಟೆ ಎಂದು ಹಳ್ಳಿಯ ಪ್ರತಿ ಮಗುವಿಗೂ ಗೊತ್ತು. ಟೂಲ್‌ಗೆ ಗೊತ್ತಿಲ್ಲ. ಅದರ ಕಣ್ಣಿಗೆ 1.35 ಎಂದರೆ ದಶಮಾಂಶ ಸಂಖ್ಯೆ. ನಿಜವಾದ ವಿಸ್ತೀರ್ಣ 1.875 ಎಕರೆ, ಟೂಲ್ ಓದುವುದು 1.35 ಎಕರೆ. ಇಪ್ಪತ್ತೊಂದು ಗುಂಟೆ ತೋಟ ಮಾಯ. ವಿಪತ್ತು ಪರಿಹಾರ ನಿಧಿಯ 2022ರ ಮಾರ್ಗಸೂಚಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ. ಈ ತೋಟ ಪೂರ್ತಿ ಹಾಳಾದರೆ ಬರಬೇಕಾದದ್ದು ಸುಮಾರು 17,000 ರೂಪಾಯಿ, ತಪ್ಪು ಓದಿನಲ್ಲಿ ಬರುವುದು ಸುಮಾರು 12,300. ಒಬ್ಬನೇ ರೈತನಿಗೆ 4,700 ರೂಪಾಯಿಗೂ ಮೀರಿದ ಖೋತಾ. ಇನ್ನು ಕೂಡುವ ಲೆಕ್ಕ. 1.30 ಮತ್ತು 1.30 ಕೂಡಿದರೆ 3 ಎಕರೆ 20 ಗುಂಟೆ ಆಗಬೇಕು, ದಶಮಾಂಶದಲ್ಲಿ 2.60 ಆಗುತ್ತದೆ. ಅರುವತ್ತು ಗುಂಟೆ ಎಂಬ ಸಂಖ್ಯೆ ಪಹಣಿಯಲ್ಲಿ ಬರುವುದೇ ಇಲ್ಲ ಎಂದು ಗ್ರಾಮ ಆಡಳಿತಾಧಿಕಾರಿ ಒಂದು ನೋಟದಲ್ಲಿ ಹೇಳುತ್ತಾರೆ. ಆದರೆ ಅವರ ಮುಂದೆ ಆ ಹಂತವನ್ನು ಯಾರು ಇಟ್ಟರು?

ಇದು ಬಳಸಿದವನ ತಪ್ಪು, ಟೂಲಿನದ್ದಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ಪರದೆಯ ಹತ್ತಿರ ಬನ್ನಿ. ಅಲ್ಲೊಂದು ಚೌಕ ಇದೆ, ಅದರ ಕೆಳಗೆ "ಒಟ್ಟು ವಿಸ್ತೀರ್ಣ" ಎಂಬ ಹೆಸರು. ಎಡದಿಂದ ಒಂದು ಬಾಣ ಒಳಗೆ ಬರುತ್ತದೆ, ಬಲಕ್ಕೆ ಒಂದು ಹೊರಗೆ ಹೋಗುತ್ತದೆ. ನೋಡಲು ಅಚ್ಚುಕಟ್ಟು. ಅದರ ಮೇಲೆ ಎರಡು ಬಾರಿ ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ. ಕಿಟಕಿಯ ಕೆಳಭಾಗದಲ್ಲಿ ಒಂದು ಪುಟ್ಟ ಪಟ್ಟಿ, ಪಟ್ಟಿಯಲ್ಲಿ ಕಾಲಂನ ಹೆಸರು, ಅದರ ಪಕ್ಕ "ಸಮ್" ಎಂಬ ಆಯ್ಕೆ. ಆ ಕಾಲಂ ದಶಮಾಂಶವೋ ಎಕರೆ-ಗುಂಟೆಯೋ ಎಂದು ಈ ಕಿಟಕಿ ಹೇಳುವುದಿಲ್ಲ. ಅದು ನಾಲ್ಕು ಬಾಕ್ಸ್ ಹಿಂದೆ, ಫೈಲ್ ಓದುವ ಹಂತದ ಇನ್ನೊಂದು ಕಿಟಕಿಯ ಮೂರನೇ ಟ್ಯಾಬಿನಲ್ಲಿ ತೀರ್ಮಾನವಾಗಿದೆ. ಚಿತ್ರದಲ್ಲಿ ಕಾಣುವುದು ಚೌಕ. ರೈತನ ಹಣ ನಿರ್ಧಾರವಾಗುವುದು ಕಾಣದ ಟ್ಯಾಬಿನಲ್ಲಿ. ಇದೇ ಕೆಲಸವನ್ನು ಪಠ್ಯವಾಗಿ ಬರೆದಿದ್ದರೆ "ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡು" ಎಂಬ ಒಂದು ಸಾಲು ಇರಬೇಕಿತ್ತು, ಇಲ್ಲದಿದ್ದರೆ ಇಲ್ಲ ಎಂಬುದೂ ಕಣ್ಣಿಗೆ ಬೀಳುತ್ತಿತ್ತು. ಮೇಲಿನಿಂದ ಕೆಳಗೆ ಓದಿಕೊಂಡು ಹೋಗುವ ಪಠ್ಯದಲ್ಲಿ ಕೊರತೆಯನ್ನು ಹಿಡಿಯಬಹುದು. ಮೂವತ್ತು ಬಾಕ್ಸಿನ ಚಿತ್ರದಲ್ಲಿ ಮೂವತ್ತು ಕಿಟಕಿ ತೆರೆದು, ಪ್ರತಿ ಕಿಟಕಿಯ ಎಲ್ಲ ಟ್ಯಾಬ್ ನೋಡಿ, ಹಿಂದಿನದ್ದನ್ನು ನೆನಪಿಟ್ಟುಕೊಂಡು ಮುಂದಿನದ್ದಕ್ಕೆ ಹೋಗುವವರು ಯಾರು? ಯಾರೂ ಇಲ್ಲ. ಹಾಗಾಗಿ ಯಾರೂ ಪರಿಶೀಲಿಸುವುದಿಲ್ಲ.

ಬಾಣದ ಮಾತಿಗೆ ಬರುತ್ತೇನೆ. ಹಂತಗಳನ್ನು ಒಂದರ ಮುಂದೊಂದು ಜೋಡಿಸಿದರೆ ಯಾವುದು ಮೊದಲು ಯಾವುದು ನಂತರ ಎಂಬುದು ಕಣ್ಣಿಗೇ ಕಾಣುತ್ತದೆ ಎನ್ನುವುದು ಈ ಪಂಥದ ದೊಡ್ಡ ಹೆಗ್ಗಳಿಕೆ. ಕೆಟಲ್‌ನಲ್ಲಿ ಅದು ಅರ್ಧ ಸತ್ಯ ಮಾತ್ರ. ಅದರಲ್ಲಿ ಎರಡು ಬಗೆಯ ಚಿತ್ರಗಳಿವೆ. ಜಾಬ್ ಎಂಬ ಚಿತ್ರದಲ್ಲಿ ಹಂತಗಳು ಒಂದಾದ ಮೇಲೊಂದು ನಡೆಯುತ್ತವೆ. ಟ್ರಾನ್ಸ್‌ಫರ್ಮೇಶನ್ ಎಂಬ ಚಿತ್ರದಲ್ಲಿ ಎಲ್ಲ ಹಂತಗಳೂ ಒಟ್ಟಿಗೇ ಚಾಲೂ ಆಗುತ್ತವೆ, ಬಾಣಗಳು ತೋರಿಸುವುದು ಸಾಲುಗಳು ಹರಿಯುವ ದಾರಿಯನ್ನು ಮಾತ್ರ. ಎರಡರಲ್ಲೂ ಅದೇ ಚೌಕ, ಅದೇ ಬಾಣ. ಎಡತುದಿಯಲ್ಲಿ ಹಳೆಯ ಪಟ್ಟಿ ಅಳಿಸುವ ಬಾಕ್ಸ್, ಬಲತುದಿಯಲ್ಲಿ ಹೊಸ ಪಟ್ಟಿ ಬರೆಯುವ ಬಾಕ್ಸ್ ಇಟ್ಟವನು "ಮೊದಲು ಅಳಿಸುತ್ತದೆ, ಆಮೇಲೆ ಬರೆಯುತ್ತದೆ" ಎಂದುಕೊಳ್ಳುವುದು ಸಹಜ. ನಡುವೆ ಹಳೆಯ ಪಟ್ಟಿಯನ್ನೇ ಓದಿ ಹೋಲಿಸುವ ಇನ್ನೊಂದು ಬಾಕ್ಸ್ ಬಂದರೆ ಮುಗಿಯಿತು. ಯಾವುದು ಯಾವುದಕ್ಕಿಂತ ಮುಂಚೆ ಎಂಬುದಕ್ಕೆ ಚಿತ್ರ ಜವಾಬ್ದಾರಿ ಹೊರುವುದಿಲ್ಲ. ಸಣ್ಣ ಪರೀಕ್ಷೆಯಲ್ಲಿ ಸರಿಯಾಗಿ ಓಡುತ್ತದೆ, ಇಡೀ ಜಿಲ್ಲೆಯ ಡೇಟಾ ಬಂದ ದಿನ ಕೈಕೊಡುತ್ತದೆ. ಕ್ರಮ ತೋರಿಸುವುದಕ್ಕೆಂದೇ ಇರುವ ಚಿತ್ರ ಕ್ರಮದ ವಿಷಯದಲ್ಲೇ ದಾರಿ ತಪ್ಪಿಸಿದರೆ ಅದನ್ನು ಯಾತಕ್ಕೆ ನಂಬಬೇಕು?

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಒಂದೇ ಹಂತದಿಂದ ಎರಡನೇ ಬಾಣ ಎಳೆದಾಗ ಕೆಟಲ್ ಒಂದು ಪುಟ್ಟ ಕಿಟಕಿಯಲ್ಲಿ ಕೇಳುತ್ತದೆ: ಸಾಲುಗಳನ್ನು ಎರಡೂ ಕಡೆಗೆ ನಕಲು ಮಾಡಲೋ, ಹಂಚಲೋ? ಹಂಚು ಎಂದು ಒತ್ತಿದರೆ ಮೊದಲ ಸಾಲು ಈ ಕಡೆ, ಎರಡನೆಯದು ಆ ಕಡೆ, ಮೂರನೆಯದು ಮತ್ತೆ ಈ ಕಡೆ. ಫಲಾನುಭವಿಗಳ ಪಟ್ಟಿಯಿಂದ ಒಂದು ಬಾಣ ಬ್ಯಾಂಕಿಗೆ ಕಳಿಸುವ ಫೈಲಿಗೆ, ಇನ್ನೊಂದು ತಾಲ್ಲೂಕು ಕಚೇರಿಯ ಪ್ರತಿಗೆ ಎಂದುಕೊಳ್ಳಿ. ಸಾವಿರ ಹೆಸರುಗಳಲ್ಲಿ ಐನೂರು ಬ್ಯಾಂಕಿಗೆ ಹೋದವು, ಐನೂರು ಕಚೇರಿಯ ಕಡತದಲ್ಲಿ ಕುಳಿತವು. ತಪ್ಪಾಗಿದೆ ಎಂಬ ಸಂದೇಶ ಬರುವುದಿಲ್ಲ, ಕೆಂಪು ದೀಪ ಉರಿಯುವುದಿಲ್ಲ, ಕೆಲಸ ಯಶಸ್ವಿ ಎಂದೇ ಪರದೆ ಹೇಳುತ್ತದೆ. ಚಿತ್ರದಲ್ಲಿ ನಕಲಿಗೂ ಹಂಚಿಕೆಗೂ ಇರುವ ವ್ಯತ್ಯಾಸ ಬಾಣದ ಮೇಲಿನ ಒಂದು ಸಣ್ಣ ಗುರುತು. ಸಾವಿರ ಕುಟುಂಬಗಳಲ್ಲಿ ಅರ್ಧದಷ್ಟರ ಹಣ ಆ ಗುರುತಿನ ಮೇಲೆ ನಿಂತಿದೆ. "ಯಾರು ಬೇಕಾದರೂ ಮಾಡಬಹುದು" ಎಂದು ಹೇಳಿ ನಿನ್ನೆ ಮೌಸ್ ಹಿಡಿದವನ ಕೈಗೆ ಇದನ್ನು ಕೊಡುತ್ತೀರಾ?

ಎರಡು ಪಟ್ಟಿಗಳನ್ನು ತಾಳೆ ಹಾಕಿ ಸೇರಿಸುವ ಜಾಯಿನ್ ವಿಷಯವೂ ಹೀಗೇ. ಕೆಟಲ್‌ನ ಮರ್ಜ್ ಜಾಯಿನ್‌ಗೆ ಎರಡೂ ಕಡೆಯ ಸಾಲುಗಳು ಒಂದೇ ಅನುಕ್ರಮದಲ್ಲಿ ಬರಬೇಕು, ಇಲ್ಲದಿದ್ದರೆ ತಾಳೆಯಾಗಬೇಕಾದವು ತಾಳೆಯಾಗದೆ ಉದುರಿಹೋಗುತ್ತವೆ. ಒಂದು ಕಡೆ ಡೇಟಾಬೇಸ್ ತನ್ನ ಅಕಾರಾದಿಯಲ್ಲಿ ಜೋಡಿಸಿ ಕೊಟ್ಟಿದೆ, ಇನ್ನೊಂದು ಕಡೆ ಟೂಲ್ ತನ್ನದೇ ಕ್ರಮದಲ್ಲಿ ಜೋಡಿಸಿದೆ. ಎರಡೂ ಜೋಡಿಸಿದವೇ, ಆದರೆ ಒಂದೇ ಕ್ರಮವಲ್ಲ. ಪರದೆಯ ಮೇಲೆ ಎರಡು ಬಾಣ ಬಂದು ಒಂದು ಚೌಕದಲ್ಲಿ ಸೇರಿರುತ್ತವೆ, ಎಲ್ಲ ಸರಿಯಿದೆ ಎನ್ನುವ ಹಾಗೆ.

ಇನ್ನು ನಮ್ಮ ಭಾಷೆಯ ಪಾಡು. ಈ ಭಾಗವನ್ನು ಹೊರಗಿನ ಟೂಲ್ ಮಾರುವವರು ಎಂದೂ ಹೇಳುವುದಿಲ್ಲ, ಹೇಳಬೇಕೆಂದು ನಾವೂ ಕೇಳಿಲ್ಲ. ಶಿವಮೊಗ್ಗ ಎಂದು ಯೂನಿಕೋಡಿನಲ್ಲಿ ಎರಡು ರೀತಿ ದಾಖಲಿಸಬಹುದು. ಮೊ ಎಂಬ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎಕಾರದ ಗುರುತು ಮತ್ತು ಊಕಾರದ ಗುರುತು ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯಲ್ಲಾಗಲಿ ಮುದ್ರಣದಲ್ಲಾಗಲಿ ಎರಡೂ ಒಂದೇ ರೀತಿ ಕಾಣಬೇಕು, ಕಾಣುತ್ತವೆ ಕೂಡ. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮ. ಆದರೆ ಬರೀ ಅಕ್ಷರ ಹೋಲಿಸುವ ಜಾಯಿನ್ ಬಾಕ್ಸಿಗೆ ಅವು ಬೇರೆ ಬೇರೆ ಪದ. ಒಂದು ಇಲಾಖೆಯ ಶಿವಮೊಗ್ಗ ಇನ್ನೊಂದು ಇಲಾಖೆಯ ಶಿವಮೊಗ್ಗಕ್ಕೆ ಸೇರುವುದಿಲ್ಲ. ಕೊಟ್ರೇಶಿ, ಗೋಪಾಲ, ಹೊನ್ನಮ್ಮ, ಸೋಮಶೇಖರ, ಹೀಗೆ ಒಕಾರ ಓಕಾರ ಇರುವ ಪ್ರತಿ ಹೆಸರಿಗೂ ಈ ಗಂಡಾಂತರ ಇದೆ. ರಾಜ್‌ಕುಮಾರ್ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ನಡುವೆ ಕಾಣದ ಒಂದು ಸಂಕೇತ ಇಡುತ್ತೇವೆ. ಒಬ್ಬರು ಇಟ್ಟಿರುತ್ತಾರೆ, ಇನ್ನೊಬ್ಬರು ಇಟ್ಟಿರುವುದಿಲ್ಲ, ಮತ್ತೊಬ್ಬರ ಪದದ ಕೊನೆಯಲ್ಲಿ ಅದು ಸುಮ್ಮನೆ ಅಂಟಿಕೊಂಡಿರುತ್ತದೆ. ಹಳೆಯ ನುಡಿ ಫಾಂಟಿನ ಕಡತಗಳಲ್ಲಿ ಇನ್ನೂ ಬೇರೆ ಕಥೆ. ಅಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕುಳಿತಿರುತ್ತದೆ, ಯೂನಿಕೋಡಿನಲ್ಲಿ ಅದರ ರಕಾರ ಮುಂಚೆ ಬರಬೇಕು. ಪರಿವರ್ತನೆ ಎಡವಿದರೆ ಕರ್ನಾಟಕದ ಹೆಸರೇ ಕೆಡುತ್ತದೆ.

ಕಣ್ಣಿಗೆ ಕಾಣದ ತಪ್ಪುಗಳೇ ತುಂಬಿರುವ ಈ ಕೆಲಸಕ್ಕೆ ಕಣ್ಣಿನ ಸಾಕ್ಷಿಯನ್ನೇ ಆಧಾರ ಮಾಡಿಕೊಳ್ಳಿ ಎನ್ನುವ ಬೋಧನೆ ಎಷ್ಟು ಸರಿ? ಹೋಲಿಸುವ ಮುನ್ನ ಎರಡೂ ಕಡೆಯ ಹೆಸರನ್ನು ಒಂದೇ ಯೂನಿಕೋಡ್ ರೂಪಕ್ಕೆ ತಂದುಕೊಳ್ಳಬೇಕು, ಕಾಣದ ಸಂಕೇತಗಳನ್ನು ತೆಗೆಯಬೇಕು. ಪಠ್ಯದಲ್ಲಿ ಇದು ಒಂದೆರಡು ಸಾಲು, ಓದಿದವನಿಗೆ ಕಾಣುತ್ತದೆ, ಮುಂದಿನ ಊರಿನವನು ಹಾಗೇ ಎತ್ತಿಕೊಂಡು ಬಳಸಬಹುದು. ಅದಕ್ಕಿಂತ ಮೇಲಿನ ದಾರಿ ಹೆಸರಿನಿಂದ ಜೋಡಿಸುವುದನ್ನೇ ಬಿಟ್ಟು, ಪಂಚಾಯತಿ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿರುವ ಊರಿನ ಸಂಖ್ಯೆಯಿಂದ ಜೋಡಿಸುವುದು. ಹೆಸರು ಬದಲಾಗುತ್ತಿರುತ್ತದೆ: 2014ರ ನವೆಂಬರ್ 1ರಂದು ಶಿವಮೊಗ್ಗದ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಹಳೆಯ ಕಡತಗಳಲ್ಲಿ ಶಿಮೊಗಾ, ಹೊಸದರಲ್ಲಿ ಶಿವಮೊಗ್ಗ. ಭದ್ರಾವತಿಯ ಇಂಗ್ಲಿಷ್ ಕಾಗುಣಿತವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಇದನ್ನೆಲ್ಲ ಯಾವ ಬಾಣವೂ ತೋರಿಸುವುದಿಲ್ಲ. ಡೇಟಾ ಗೊತ್ತಿರುವ ಮನುಷ್ಯ ತೋರಿಸುತ್ತಾನೆ.

ಸರ್ವೆ ನಂಬರಿನ ಕಥೆ ಚಿಕ್ಕದು. 12/3 ಎಂಬ ಹಿಸ್ಸಾ ಸಂಖ್ಯೆ ಇರುವ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಅದು ತಾರೀಖಾಗಿಬಿಡುತ್ತದೆ. ಆ ಜಮೀನು ಮುಂದಿನ ಯಾವ ಬಾಕ್ಸಿನಲ್ಲೂ ಪಹಣಿಗೆ ತಾಳೆಯಾಗುವುದಿಲ್ಲ. ಅಡಿಕೆ ಧಾರಣೆಯದ್ದೂ ಅಷ್ಟೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವನ್ನೂ ಒಂದೇ ಕಾಲಂಗೆ ತುಂಬಿ ಸರಾಸರಿ ತೆಗೆಯುವ ಬಾಕ್ಸ್ ಎಳೆಯುವುದು ಸುಲಭ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಆ ಸರಾಸರಿಗೆ ಅಡಿಕೆ ಕೊಳ್ಳುವವರಾಗಲಿ ಮಾರುವವರಾಗಲಿ ಯಾರೂ ಇಲ್ಲ.

ಯಾರು, ಯಾವಾಗ, ಏನು ಬದಲಿಸಿದರು? ಸಾರ್ವಜನಿಕ ಲೆಕ್ಕಕ್ಕೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಚಿತ್ರದ ಟೂಲುಗಳು ಇಲ್ಲಿ ಪೂರ್ತಿ ಸೋಲುತ್ತವೆ. ಕೆಟಲ್ ತನ್ನ ಚಿತ್ರವನ್ನು ಎಕ್ಸ್‌ಎಂಎಲ್ ಫೈಲಾಗಿ ಉಳಿಸುತ್ತದೆ. ಅದರಲ್ಲಿ ಲೆಕ್ಕದ ನಿಯಮವೂ ಇರುತ್ತದೆ, ಪ್ರತಿ ಬಾಕ್ಸ್ ಪರದೆಯ ಎಷ್ಟನೇ ಬಿಂದುವಿನಲ್ಲಿ ಇದೆ ಎಂಬುದೂ ಇರುತ್ತದೆ. ಅಂದಕ್ಕೆಂದು ಬಾಕ್ಸುಗಳನ್ನು ಸರಿಸಿ ಜೋಡಿಸಿದರೆ ಫೈಲಿನ ತುಂಬ ಬದಲಾವಣೆ ಕಾಣುತ್ತದೆ. ಆ ಗದ್ದಲದ ನಡುವೆ ನಕಲು ಎಂಬುದು ಹಂಚು ಎಂದು ಬದಲಾದ ಒಂದೇ ಒಂದು ಸಾಲು ಹೂತುಹೋಗುತ್ತದೆ. ಭದ್ರಾವತಿಯ ಉಕ್ಕಿನ ಕೆಲಸಗಾರರಿಗೆ ಹೀಟ್ ನಂಬರ್ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಕುಲುಮೆಯಿಂದ ಇಳಿದ ಪ್ರತಿ ಹೀಟಿಗೂ, ಅಂದರೆ ಒಂದು ಸಲ ಕರಗಿಸಿದ ಉಕ್ಕಿಗೂ, ಒಂದು ಸಂಖ್ಯೆ, ಅದರ ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು ಎಂಬ ಪರೀಕ್ಷೆಯ ಫಲಿತಾಂಶ. ಮುಂದೆಂದೋ ಒಂದು ಸರಳು ಮುರಿದರೆ ಯಾವ ಹೀಟಿನದ್ದೆಂದು ಹಿಂದಕ್ಕೆ ಹೋಗಿ ಹುಡುಕಬಹುದು. ಉಕ್ಕಿಗೆ ನಾವು ಇಟ್ಟುಕೊಂಡ ಈ ಶಿಸ್ತು ಜನರ ಹೆಸರು, ಜಮೀನು, ಹಣದ ಡೇಟಾಗೆ ಯಾಕೆ ಬೇಡ? ಪಠ್ಯವಾಗಿ ಬರೆದ ವರ್ಕ್‌ಫ್ಲೋವನ್ನು ಬದಲಾವಣೆಗಳ ಚರಿತ್ರೆ ಕಾಪಾಡುವ ಗಿಟ್ ಎಂಬ ತಂತ್ರಾಂಶದಲ್ಲಿ ಇಟ್ಟರೆ ಪ್ರತಿ ಸಾಲು ಯಾರದ್ದು, ಯಾವ ದಿನದ್ದು, ಯಾವ ಕಾರಣಕ್ಕೆ ಬದಲಾಯಿತು ಎಂಬುದು ಇದ್ದೇ ಇರುತ್ತದೆ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಈ ಮಾತು ಹೊಸದೇನಲ್ಲ. ತಂತ್ರಾಂಶ ತಜ್ಞ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲೇ ಫ್ಲೋಚಾರ್ಟಿಗೆ ಅದರ ಯೋಗ್ಯತೆ ಮೀರಿದ ಬೆಲೆ ಸಿಕ್ಕಿದೆ ಎಂದು ವಾದಿಸಿದ್ದರು. 1986ರಲ್ಲಿ ಬರೆದ ಪ್ರಬಂಧದಲ್ಲಿ, ತಂತ್ರಾಂಶದ ಹಲವು ಸಂಬಂಧಗಳನ್ನು ಒಂದು ನಕ್ಷೆಯಲ್ಲಿ ಹಿಡಿಯಲು ಸ್ವಭಾವತಃ ಆಗದು ಎಂದು ವಿವರಿಸಿದ್ದರು. ಅರ್ಧ ಶತಮಾನದ ಹಿಂದೆ ತೀರ್ಮಾನವಾದ ಸಂಗತಿಯನ್ನು ಹೊಸ ಬಣ್ಣ ಬಳಿದು ನಮ್ಮ ಊರಿಗೆ ತಂದು ಮಾರುತ್ತಿದ್ದಾರೆ.

ಯಾರಿಗೆ ಮಾರುತ್ತಿದ್ದಾರೆ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಂದಾಗ ಊರಿಗೆ ಊರೇ ತಲ್ಲಣಿಸಿತು. ಅದಕ್ಕೂ ಮೊದಲು 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತಿದ್ದವು. ಅಪ್ಪನಿಗೆ ಸಿಕ್ಕ ಕೆಲಸ ಮಗನಿಗೆ ಇಲ್ಲ. ಹಾಗಾಗಿಯೇ ಮನೆಯವರು ಸಾಲ ಮಾಡಿ ಮಕ್ಕಳನ್ನು ಡೇಟಾ ಕೋರ್ಸಿಗೆ ಕಳಿಸುತ್ತಾರೆ. ಅಲ್ಲಿ ಅವರಿಗೆ ಏನು ಕಲಿಸುತ್ತೀರಿ? ಒಂದು ಕಂಪನಿಯ ಒಂದು ಟೂಲಿನ ಮೆನು ಎಲ್ಲಿದೆ ಎಂಬುದನ್ನು. ಆ ಟೂಲ್ ನಾಳೆ ಇಲ್ಲದಿದ್ದರೆ? 2006ರಿಂದ ಉಚಿತವಾಗಿ ಸಿಗುತ್ತಿದ್ದ, ಲೆಕ್ಕವಿಲ್ಲದಷ್ಟು ಜನ ಕಲಿತಿದ್ದ ಟ್ಯಾಲೆಂಡ್ ಓಪನ್ ಸ್ಟುಡಿಯೋವನ್ನು, ಕಂಪನಿ ಕ್ಲಿಕ್ ಸಂಸ್ಥೆಯ ಕೈಗೆ ಹೋದ ಮರುವರ್ಷ, 2024ರ ಜನವರಿ 31ಕ್ಕೆ ನಿಲ್ಲಿಸಿಬಿಟ್ಟರು. ಅದರಲ್ಲಿ ಬಿಡಿಸಿದ ಚಿತ್ರಗಳನ್ನು ಬೇರೆ ಟೂಲ್ ಹಾಗೇ ತೆರೆಯುವುದಿಲ್ಲ. ಪಟ್ಟಿಗಳಿಂದ ಡೇಟಾ ತೆಗೆಯಲು, ಜೋಡಿಸಲು ಪಠ್ಯವಾಗಿ ಬರೆಯುವ ಭಾಷೆ ಎಸ್‌ಕ್ಯುಎಲ್ ಹುಟ್ಟಿದ್ದು 1970ರ ದಶಕದಲ್ಲಿ. ಇಂದಿಗೂ ಅದೇ ಸೆಲೆಕ್ಟ್, ಅದೇ ಗ್ರೂಪ್ ಬೈ. ಐವತ್ತು ವರ್ಷ ಬಾಳಿದ ವಿದ್ಯೆಯನ್ನು ಬಿಟ್ಟು, ಕಂಪನಿಯ ಒಂದು ಪ್ರಕಟಣೆಗೆ ಸತ್ತುಹೋಗುವ ವಿದ್ಯೆಯನ್ನು ಬಡವರ ಮಕ್ಕಳಿಗೆ ಕೊಡುವುದು ದ್ರೋಹ.

ಇದಕ್ಕೆ ಕೊಡುವ ಸಮರ್ಥನೆ ಇನ್ನೂ ಕೀಳು. ನಮ್ಮ ಕಡೆಯ ಮಕ್ಕಳು ಕನ್ನಡ ಮಾಧ್ಯಮದವರು, ಇಂಗ್ಲಿಷ್ ಬರದು, ಕೋಡ್ ಬರೆಯಲಾರರು, ಚಿತ್ರವಾದರೆ ಹೇಗೋ ಮಾಡಿಕೊಳ್ಳುತ್ತಾರೆ ಎನ್ನುತ್ತಾರೆ. ಯಾರು ಹೇಳಿದರು ಬರೆಯಲಾರರೆಂದು? ತುಂಗಾ ನಾಲೆಯ ನೀರು ಯಾವ ದಿನ ಯಾರ ಗದ್ದೆಗೆ ಎಂದು ಲೆಕ್ಕ ಇಡುವ ಮನೆಗಳ ಮಕ್ಕಳು, ಎಕರೆ-ಗುಂಟೆ-ಆಣೆಯಲ್ಲಿ ಪಾಲು ಪಟ್ಟಿ ಮಾಡುವುದನ್ನು ನೋಡುತ್ತ ಬೆಳೆದವರು, ಎರಡು ಪಟ್ಟಿ ಜೋಡಿಸುವ ತರ್ಕವನ್ನು ಕಲಿಯಲಾರರೇ? ಎಸ್‌ಕ್ಯುಎಲ್‌ನಲ್ಲಿ ದಿನನಿತ್ಯ ಬೇಕಾಗುವ ಇಂಗ್ಲಿಷ್ ಪದಗಳು ಕೆಲವೇ ಡಜನ್. ದೃಶ್ಯ ಟೂಲುಗಳ ಮೆನು, ಕಿಟಕಿ, ಟ್ಯಾಬು, ಎಚ್ಚರಿಕೆಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಇಂಗ್ಲಿಷ್ ಇದೆ. ಪಠ್ಯದಲ್ಲಿ ಪ್ರತಿ ಸಾಲಿನ ಪಕ್ಕ ಕನ್ನಡದಲ್ಲೇ ಟಿಪ್ಪಣಿ ಬರೆಯಬಹುದು. "ಪಹಣಿಯ ವಿಸ್ತೀರ್ಣ ಎಕರೆ.ಗುಂಟೆ ರೂಪದಲ್ಲಿದೆ, ಮೊದಲು ಗುಂಟೆಗೆ ಪರಿವರ್ತಿಸಿ" ಎಂದು ಕನ್ನಡದಲ್ಲಿ ಬರೆದಿಟ್ಟರೆ ಅದನ್ನು ಶಿರಸ್ತೇದಾರರೂ ಓದುತ್ತಾರೆ, ರೈತ ಸಂಘದವರೂ ಓದುತ್ತಾರೆ. ಕನ್ನಡಕ್ಕೆ ಜಾಗ ಇರುವುದು ಪಠ್ಯದಲ್ಲಿ. ನಮ್ಮ ಮಕ್ಕಳ ಮೇಲಿನ ಕರುಣೆಯ ಹೆಸರಿನಲ್ಲಿ ಅವರನ್ನು ಕೆಳಗಿನ ಮೆಟ್ಟಿಲಲ್ಲೇ ಕೂರಿಸುವ ಈ ವಾದವನ್ನು ನಾನು ಅವಮಾನ ಎಂದೇ ಕರೆಯುತ್ತೇನೆ.

ಕರ್ನಾಟಕ ಡೇಟಾ ಜೋಡಣೆಯಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ಭೂಮಿ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದು ಇಪ್ಪತ್ತು ವರ್ಷ ದಾಟಿದೆ. ನೋಂದಣಿ ಕಚೇರಿಯ ಕಾವೇರಿ ತಂತ್ರಾಂಶದಿಂದ ಖಾತೆ ಬದಲಾವಣೆಗೆ ಮಾಹಿತಿ ಭೂಮಿಗೆ ಹೋಗುತ್ತದೆ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಗೆ ಅವನ ಜಮೀನು ಜೋಡಣೆಯಾಗಿರುತ್ತದೆ, ಕುಟುಂಬ ತಂತ್ರಾಂಶದಲ್ಲಿ ಮನೆಯವರ ವಿವರ ಇರುತ್ತದೆ. 2023ರ ಬರಗಾಲದಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವಾದವು. 2024ರ ಜನವರಿಯಲ್ಲಿ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ರೈತರ ಖಾತೆಗೆ ನೇರವಾಗಿ ಜಮೆಯಾಯಿತು. ಯಾರಿಗೆ ಎಷ್ಟು ಎಂಬುದು ಇಂಥ ಜೋಡಣೆಯ ಮೇಲೆ ನಿಂತ ತೀರ್ಮಾನ. ಈ ವ್ಯವಸ್ಥೆಗಳ ಒಳಗೆ ಇಂದು ಯಾವ ಟೂಲ್ ಇದೆ ಎಂಬುದು ನನ್ನ ವಾದವಲ್ಲ. ಜಿಲ್ಲೆ, ತಾಲ್ಲೂಕು, ಪಾಲಿಕೆ, ಸಹಕಾರ ಸಂಘಗಳ ಮಟ್ಟದಲ್ಲಿ ಇಂಥ ಜೋಡಣೆಗಳು ದಿನದಿನಕ್ಕೆ ಹೆಚ್ಚಲಿವೆ. ಅವನ್ನು ಬಾಕ್ಸು-ಬಾಣದ ಕೈಗೆ ಒಪ್ಪಿಸಬಾರದು.

ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಕಲಂ ಸ್ಪಷ್ಟವಾಗಿದೆ. ಆಡಳಿತಾತ್ಮಕ ತೀರ್ಮಾನದಿಂದ ಬಾಧಿತನಾದವನಿಗೆ ಅದರ ಕಾರಣ ತಿಳಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ನಾಡಕಚೇರಿಯ ಕಿಟಕಿಯಲ್ಲಿ ನಿಂತ ರೈತ "ನನಗೆ ಯಾಕೆ ಕಡಿಮೆ ಬಂತು ಸ್ವಾಮಿ?" ಎಂದು ಕೇಳಿದರೆ ಕೊಡಬೇಕಾದ ಉತ್ತರ ಬರಹದಲ್ಲಿ ಇರಬೇಕು: ನಿಮ್ಮ ವಿಸ್ತೀರ್ಣ ಇಷ್ಟು, ಈ ನಿಯಮದಿಂದ ಇಷ್ಟಾಯಿತು, ಈ ಹಂತದಲ್ಲಿ ನಿಮ್ಮ ಹೆಸರು ತಾಳೆಯಾಗಲಿಲ್ಲ. ಮೂವತ್ತು ಬಾಕ್ಸಿನ ಚಿತ್ರವೊಂದನ್ನು ಮುದ್ರಿಸಿ ಅವನ ಕೈಗಿಟ್ಟರೆ ಅದು ಕಾರಣವಾಗುತ್ತದೆಯೇ? ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ? ತಹಶೀಲ್ದಾರರು ಅದರ ಮೇಲೆ ಸಹಿ ಹಾಕಬಲ್ಲರೇ?

ಆದ್ದರಿಂದ ನಾನು ಕೇಳುವುದು ಇಷ್ಟು, ಮುಚ್ಚುಮರೆ ಇಲ್ಲದೆ. ಸಾರ್ವಜನಿಕ ಹಣದ ಅಥವಾ ಹಕ್ಕಿನ ಡೇಟಾ ಜೋಡಿಸುವ ಯಾವುದೇ ವರ್ಕ್‌ಫ್ಲೋ ಓದಬಲ್ಲ ಪಠ್ಯವಾಗಿ, ಬದಲಾವಣೆಯ ಚರಿತ್ರೆಯೊಂದಿಗೆ, ಕನ್ನಡ ಟಿಪ್ಪಣಿಯೊಂದಿಗೆ ಇರಲೇಬೇಕು ಎಂಬ ಷರತ್ತನ್ನು ಸರ್ಕಾರ ಟೆಂಡರಿನಲ್ಲೇ ಹಾಕಬೇಕು. ಚಿತ್ರ ಬೇಕಿದ್ದರೆ ಅದು ಪಠ್ಯದಿಂದ ತಾನಾಗಿ ಮೂಡಲಿ. ಏರ್‌ಬಿಎನ್‌ಬಿಯಲ್ಲಿ 2014ರಲ್ಲಿ ಹುಟ್ಟಿದ ಏರ್‌ಫ್ಲೋ ಹೀಗೇ ಮಾಡುತ್ತದೆ, ಬರೆದ ಕೋಡನ್ನು ಓದಿ ತಾನೇ ನಕ್ಷೆ ತೋರಿಸುತ್ತದೆ, ಮತ್ತು ಅದು ಮುಕ್ತ ತಂತ್ರಾಂಶ. ಒಳಗೆ ಎಷ್ಟು ಸಾಲು ಬಂದವು, ಹೊರಗೆ ಎಷ್ಟು ಹೋದವು, ನಡುವೆ ಉದುರಿದವು ಯಾವುವು ಎಂಬ ತಾಳೆ ಪಟ್ಟಿ ಇಲ್ಲದೆ ಯಾವ ಪಾವತಿ ಫೈಲೂ ಬ್ಯಾಂಕಿಗೆ ಹೋಗಬಾರದು. ಉದುರಿದ ಹೆಸರುಗಳು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಣ ಜಮೆಯಾಗುವ ಮುಂಚೆಯೇ ಬರಬೇಕು.

ಶಿವಮೊಗ್ಗದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳಿಗೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೂ ನನ್ನದೊಂದು ಒತ್ತಾಯ ಇದೆ. ಕನ್ನಡ ಯೂನಿಕೋಡಿನ ತೊಡಕು, ಎಕರೆ-ಗುಂಟೆಯ ಲೆಕ್ಕ, ಪಹಣಿಯ ಸರ್ವೆ ನಂಬರಿನ ರಚನೆ ಇವನ್ನೇ ಪಾಠವಾಗಿಟ್ಟು ಎಸ್‌ಕ್ಯುಎಲ್ ಕಲಿಸಿ. ಹೈದರಾಬಾದಿನ ಪಠ್ಯಪುಸ್ತಕವೂ ಬೋಸ್ಟನ್ನಿನ ವೀಡಿಯೋವೂ ಇದನ್ನು ಕಲಿಸುವುದಿಲ್ಲ, ನೀವೇ ಕಲಿಸಬೇಕು. ತರಬೇತಿ ಕೇಂದ್ರಗಳವರಿಗೆ ಹೇಳುವುದು, ಶುಲ್ಕ ತೆಗೆದುಕೊಂಡ ಮೇಲೆ ಮೊದಲ ತಿಂಗಳು ಬಾಕ್ಸುಗಳನ್ನು ಮುಟ್ಟಿಸಬೇಡಿ, ಕೈಯಲ್ಲಿ ಜಾಯಿನ್ ಬರೆಸಿ, ತಪ್ಪು ಹಿಡಿಸಿ. ಕೋರ್ಸಿಗೆ ಸೇರುವ ಮಕ್ಕಳೇ, ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ಟೂಲ್ ನಿಂತುಹೋದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಸರಿಯಾದ ಉತ್ತರ ಬರದಿದ್ದರೆ ಎದ್ದು ಬನ್ನಿ. ಮತ್ತು ಕಚೇರಿಗಳಲ್ಲಿ ಇರುವವರೇ, ನಾಳೆ ನಿಮ್ಮ ಮೇಜಿಗೆ ಬಣ್ಣದ ಬಾಕ್ಸುಗಳ ಚಿತ್ರವೊಂದು ಒಪ್ಪಿಗೆಗೆ ಬಂದರೆ, ಪ್ರತಿ ಬಾಕ್ಸಿನ ಒಳಗಿನ ನಿಯಮವನ್ನು ಕನ್ನಡದಲ್ಲಿ ಬರೆದು ತರುವವರೆಗೆ ಅದಕ್ಕೆ ಸಹಿ ಹಾಕಬೇಡಿ.